ನೆಲದ ಚಿತ್ರ, ನಾಡಿನ ಚಿತ್ರ

ಚನ್ನಗಿರಿಯ ಸೀಮೆಗೆ ಹೋದವರು ಸೂಳೆಕೆರೆಯ ಏರಿಯ ಮೇಲೆ ಒಂದು ಗಳಿಗೆ ನಿಲ್ಲದೆ ಬರುವುದಿಲ್ಲ. ಎರಡು ಗುಡ್ಡಗಳ ನಡುವೆ ಕಟ್ಟಿದ ಏರಿ. ಅದರಾಚೆ ಕಣ್ಣು ಹಾಯುವಷ್ಟು ದೂರವೂ ನೀರು. ‘ಚಿತ್ರ ಬರೆದಂತಿದೆ’ ಎಂಬ ಮಾತು ತಾನಾಗಿಯೇ ಬರುತ್ತದೆ. ಈ ಮಾತನ್ನು ಸ್ವಲ್ಪ ವಿಚಾರಿಸಿ ನೋಡೋಣ. ನೆಲವೊಂದರ ಚಿತ್ರವು ‘ಇದು ನಮ್ಮ ನಾಡು’ ಎಂಬ ಭಾವನೆಯನ್ನು ಹೇಗೆ ಹುಟ್ಟಿಸುತ್ತದೆ?

ಇದಕ್ಕೆ ಡೆನ್ಮಾರ್ಕಿನಲ್ಲಿ ಒಂದು ನಿದರ್ಶನವುಂಟು. 1807ರಲ್ಲಿ ಇಂಗ್ಲಿಷರ ಪಡೆ ಕೋಪನ್‌ಹೇಗನ್ ನಗರದ ಮೇಲೆ ಗುಂಡಿನ ಮಳೆಗರೆಯಿತು. 1813ರಲ್ಲಿ ಬೊಕ್ಕಸ ದಿವಾಳಿಯಾಯಿತು. ಮರುವರ್ಷ ನಾರ್ವೆ ಕೈತಪ್ಪಿತು. ದೊಡ್ಡ ರಾಜ್ಯವು ಚಿಕ್ಕದಾದಾಗ, ಉಳಿದ ನೆಲವನ್ನು ಜನ ಹೊಸ ಕಣ್ಣಿನಿಂದ ನೋಡತೊಡಗಿದರು. ಚಿತ್ರಕಾರರು ದೇಶದ ಕಡಲ ಕರೆಯನ್ನೂ ಬಯಲನ್ನೂ ಮರಗಳನ್ನೂ ಬರೆಯಬೇಕೆಂದು ಹೊಯೆನ್ ಎಂಬ ಕಲಾವಿಮರ್ಶಕ 1844ರಲ್ಲಿ ಸಾರಿದನು. ಅದಕ್ಕೆ ಮೊದಲೇ ಲುಂಡ್‌ಬ್ಯು ಎಂಬ ತರುಣ ಚಿತ್ರಕಾರ ಇಂಥ ದೃಶ್ಯಗಳನ್ನು ಬರೆಯುತ್ತಿದ್ದನು. ಎತ್ತರದ ಪರ್ವತ ಒಂದೂ ಇಲ್ಲದ ದೇಶವದು. ಆದರೂ ತಗ್ಗು ದಿಬ್ಬಗಳ ನಡುವೆ ಪ್ರಾಚೀನರು ನಿಲ್ಲಿಸಿದ ಕಲ್ಲುಗೋರಿಯನ್ನು ಆತ ಗಂಭೀರವಾಗಿ ಚಿತ್ರಿಸಿದನು. ಇಲ್ಲಿ ನಮ್ಮವರು ಬಾಳಿದ್ದರು ಎಂಬುದಕ್ಕೆ ಆ ಕಲ್ಲುಗಳೇ ಸಾಕ್ಷಿಯಾದುವು.

ನಮ್ಮಲ್ಲಿಯೂ ಇಂಥವರು ಆಗಿಹೋಗಿದ್ದಾರೆ. ಕೆ. ವೆಂಕಟಪ್ಪನವರು ಉದಕಮಂಡಲದ ಮಂಜು ಬೆಳಕುಗಳನ್ನು ಜಲವರ್ಣದಲ್ಲಿ ಹಿಡಿದಿಟ್ಟರು. ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆವಾಸ ಕಂಡ ರುಮಾಲೆ ಚನ್ನಬಸವಯ್ಯನವರು ಬೆಂಗಳೂರಿನ ಹೂಮರಗಳನ್ನು ಬರೆದರು. ದೇಶಕ್ಕಾಗಿ ದುಡಿದ ಕೈಯೇ ಮರದ ಹೂವನ್ನೂ ಬರೆಯಿತೆಂಬುದನ್ನು ನೆನೆಯಬೇಕು.

ಸೂಳೆಕೆರೆಯನ್ನು ಬರೆಯುವವನ ಮುಂದೆ ಬೇರೊಂದು ಪ್ರಶ್ನೆಯಿದೆ. ಇದು ತಾನಾಗಿ ಆದ ಸರೋವರವಲ್ಲ. ಹರಿದ್ರಾ ಹೊಳೆಗೆ ಅಡ್ಡಲಾಗಿ, ನೂರಾರು ವರ್ಷಗಳ ಹಿಂದೆ, ಮನುಷ್ಯರು ಕಲ್ಲು ಮಣ್ಣು ಹೊತ್ತು ಕಟ್ಟಿದ ಕೆರೆ. ಸಿದ್ಧನಾಲೆ, ಬಸವನಾಲೆಗಳ ನೀರಿನಿಂದ ಕೆಳಗಿನ ಗದ್ದೆ ತೋಟಗಳು ಬದುಕಿವೆ. ನೀರನ್ನೂ ಗುಡ್ಡವನ್ನೂ ಬರೆದು, ಏರಿಯನ್ನೂ ತೂಬನ್ನೂ ಬಿಟ್ಟರೆ ಚಿತ್ರ ಸೊಗಸಾದೀತು, ನಾಡಿನ ಚಿತ್ರವಾಗದು.

ಹೆಸರಿನ ಮಾತೂ ಹೀಗೆಯೇ. ಕೆರೆ ಕಟ್ಟಿಸಿದವಳು ಶಾಂತವ್ವೆ. ಅದಕ್ಕೆ ನೆಲ ಬಿಟ್ಟುಕೊಟ್ಟ ಸೂಳೆಯರು ತಮ್ಮ ಹೆಸರೇ ಕೆರೆಗೆ ನಿಲ್ಲಬೇಕೆಂದು ಕೇಳಿಕೊಂಡರು ಎಂದು ಐತಿಹ್ಯ. ಇಂದು ‘ಶಾಂತಿಸಾಗರ’ವೆಂಬ ಹೆಸರೂ ಬಳಕೆಯಲ್ಲಿದೆ. ಕಿವಿಗೆ ಅದು ಹಿತವೇ ಸರಿ. ಆದರೆ ಹಳೆಯ ಹೆಸರು ಅಳಿಸಿಹೋದರೆ, ಐತಿಹ್ಯ ಹೇಳುವ ಆ ಹೆಂಗಸರ ದಾನವೂ ಮರೆತುಹೋದೀತು.

ಡೆನ್ಮಾರ್ಕಿನ ಚಿತ್ರಕಾರರಿಂದ ನಾವು ಕಲಿಯತಕ್ಕದ್ದು ಅವರ ಕಡಲನ್ನಲ್ಲ, ಕಣ್ಣನ್ನು. ತಮ್ಮಲ್ಲಿ ಏನಿದೆಯೋ ಅದನ್ನೇ ಅವರು ನಾಚದೆ ನೋಡಿದರು. ಮುಂದಿನ ಸಲ ನೀವು ಆ ಏರಿಯ ಮೇಲೆ ನಿಂತಾಗ ನೀರನ್ನು ನೋಡಿ. ಹಾಗೆಯೇ ಕಾಲ ಕೆಳಗಿನ ಕಲ್ಲನ್ನೂ ನೋಡಿ. ಅದನ್ನು ಹೊತ್ತವರ ಹೆಸರು ಯಾವ ಶಾಸನದಲ್ಲಿಯೂ ಉಳಿಯದಿದ್ದರೂ, ಅವರ ಕೆಲಸ ಇಂದಿಗೂ ನೀರನ್ನು ತಡೆದು ನಿಂತಿದೆ.