ಮೊದಲ ಬುಟ್ಟಿ ಮನೆಗೆ: ಶೇಂಗಾ-ಪುಟಾಣಿಯ ಪೌಷ್ಟಿಕ ಪಟ್ಟಿ



ಹುಬ್ಬಳ್ಳಿ-ಧಾರವಾಡದ ಅಂಗಡಿಗಳಲ್ಲಿ ಬಣ್ಣದ ಹಾಳೆಯಲ್ಲಿ ಸುತ್ತಿದ, ಬೆರಳಿನಷ್ಟು ದಪ್ಪದ ಒಂದು ತಿಂಡಿಯನ್ನು ತಾವು ಕಂಡಿರಬಹುದು. 'ಪ್ರೋಟೀನ್ ಬಾರ್' ಎಂದು ಅದರ ಹೆಸರು. ಪ್ರೋಟೀನ್ ಎಂದರೆ ನಾವು ಶಾಲೆಯಲ್ಲಿ ಓದಿದ ಸಸಾರಜನಕ. ಬಾರ್ ಎಂದರೆ ಪಟ್ಟಿ. ಶಹರದ ಜನ ಅದನ್ನು ಹೆಚ್ಚು ಬೆಲೆ ಕೊಟ್ಟು ಕೊಳ್ಳುತ್ತಾರೆ. ಅದರೊಳಗೆ ಇರುವದೇನೆಂದು ಕೇಳಿದರೆ, ಬಹುಮಟ್ಟಿಗೆ ಶೇಂಗಾ, ಸೋಯಾ ಇಲ್ಲವೆ ಬೇಳೆಯ ಹಿಟ್ಟು, ಹಾಲಿನ ಪುಡಿ ಮತ್ತು ಸಿಹಿ. ಹಾಲಿನ ಪುಡಿಯೊಂದನ್ನು ಬಿಟ್ಟರೆ ಉಳಿದ ಕಾಳುಗಳೆಲ್ಲ ನಮ್ಮ ಜಿಲ್ಲೆಯ ಹೊಲಗಳಲ್ಲಿಯೇ ಬೆಳೆಯುವಂಥವು.

ಮಾಡುವ ಕೈಗುಣವೂ ನಮಗೆ ಹೊಸದಲ್ಲ. ನಾಗರ ಪಂಚಮಿ ಬಂತೆಂದರೆ ಶೇಂಗಾ ಉಂಡಿ, ಎಳ್ಳುಂಡಿ, ಪುಟಾಣಿ ಉಂಡಿ ಕಟ್ಟದ ಮನೆ ನಮ್ಮ ಕಡೆ ಇಲ್ಲ. ಬಾಣಂತಿಗೆ ಅಂಟಿನುಂಡಿ ಕೊಡುತ್ತೇವೆ. ಗೋಕಾಕ, ಅಮೀನಗಡದ ಕರದಂಟು ನಾಡಿಗೆಲ್ಲ ಹೆಸರಾಗಿದೆ. ಉಂಡಿಯನ್ನು ದುಂಡಗೆ ಕಟ್ಟುವ ಬದಲು ತಾಟಿನಲ್ಲಿ ತಟ್ಟಿ ಕೊಯ್ದರೆ ಅದೇ ಪಟ್ಟಿಯಾಗುವದು. ಆದರೆ ಹಬ್ಬಕ್ಕೆ ಮಾತ್ರ ತಿಂದರೆ ಮೈಗೆ ಹತ್ತುವದಿಲ್ಲ. ದಿನಕ್ಕೊಂದು ತುಂಡು, ವರ್ಷವಿಡೀ, ಮನೆಯ ಎಲ್ಲರಿಗೂ ಸಿಗುವಂತೆ ಮಾಡುವದು ಹೇಗೆ, ಮತ್ತು ಅದಕ್ಕೆ ಎಂಥ ಕಾಳು ಬೇಕು ಎಂಬುದೇ ಈ ಲೇಖನದ ವಿಷಯ.

ಸಸಾರಜನಕ ಎಷ್ಟು ಬೇಕು?

ಮನೆ ಕಟ್ಟಲು ಕಲ್ಲು ಹೇಗೋ, ಮೈ ಕಟ್ಟಲು ಸಸಾರಜನಕ ಹಾಗೆ. ಬೆಳೆಯುವ ಮಗುವಿಗೆ, ಗರ್ಭಿಣಿಗೆ, ಮೊಲೆಯೂಡುವ ತಾಯಿಗೆ, ದಿನವಿಡೀ ಹೊಲದಲ್ಲಿ ದುಡಿಯುವವರಿಗೆ ಅದು ಕಡಿಮೆಯಾದರೆ ಮೈ ಸೊರಗುವದು, ಗಾಯ ಬೇಗ ಮಾಯುವದಿಲ್ಲ, ಮಕ್ಕಳ ಬೆಳವಣಿಗೆ ಕುಂಠಿತವಾಗುವದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ೨೦೨೦ರಲ್ಲಿ ಹೇಳಿದ ಪ್ರಕಾರ, ದೊಡ್ಡವರಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ ೦.೮೩ ಗ್ರಾಂ ಸಸಾರಜನಕ ಬೇಕು. ಅಂದರೆ ೫೫ ಕಿಲೋ ತೂಕದ ಹೆಣ್ಣುಮಗಳಿಗೆ ಸುಮಾರು ೪೬ ಗ್ರಾಂ. ಗರ್ಭಿಣಿಗೆ ಇದಕ್ಕಿಂತ ಹೆಚ್ಚು.

ದಿನಕ್ಕೆ ೩೦೦ ಗ್ರಾಂ ಜೋಳದ ಹಿಟ್ಟಿನ ರೊಟ್ಟಿ ತಿಂದರೆ ಸುಮಾರು ೩೦ ಗ್ರಾಂ ಸಿಗುವದು. ಮಿಕ್ಕದ್ದು ಬೇಳೆ, ಕಾಳು, ಹಾಲು, ಮೊಸರು, ಮೊಟ್ಟೆಗಳಿಂದ ಬರಬೇಕು. ಬೇಳೆ ನೀರಾಗಿ, ಹಾಲು ಡೈರಿಗೆ ಹೋಗಿ, ರೊಟ್ಟಿಗೆ ಬರೇ ಖಾರ ಹಚ್ಚಿಕೊಂಡು ಉಣ್ಣುವ ದಿನಗಳಲ್ಲಿ ಆ ಕೊರತೆ ತುಂಬುವದಿಲ್ಲ.

ಎರಡು ಎತ್ತು ಕೂಡಿದರೆ ಬಂಡಿ

೧೦೦ ಗ್ರಾಂ ಶೇಂಗಾದಲ್ಲಿ ಸುಮಾರು ೨೫ ಗ್ರಾಂ, ಪುಟಾಣಿಯಲ್ಲಿ ೨೨ ಗ್ರಾಂ, ಹೆಸರಿನಲ್ಲಿ ೨೪ ಗ್ರಾಂ, ಎಳ್ಳಿನಲ್ಲಿ ೧೮ ಗ್ರಾಂ ಸಸಾರಜನಕವಿದೆ. ಹಾಗಾದರೆ ಶೇಂಗಾ ಒಂದೇ ಸಾಕಲ್ಲವೇ ಎಂದು ತಾವು ಕೇಳಬಹುದು. ಸಾಲದು. ಅದೇಕೆಂದರೆ, ಸಸಾರಜನಕವು ಒಂದೇ ವಸ್ತುವಲ್ಲ. ಅದು ಅನೇಕ ಅಮೈನೋ ಆಮ್ಲಗಳೆಂಬ ತುಣುಕುಗಳಿಂದ ಆದದ್ದು. ಇವುಗಳಲ್ಲಿ ಒಂದು ಕಡಿಮೆಯಾದರೂ ಮಿಕ್ಕವು ಮೈ ಕಟ್ಟುವ ಕೆಲಸಕ್ಕೆ ಪೂರ್ತಿ ಬರುವದಿಲ್ಲ. ಜೋಳದಲ್ಲಿಯೂ ಶೇಂಗಾದಲ್ಲಿಯೂ ಲೈಸೀನ್ ಎಂಬುದು ಕಡಿಮೆ. ಅದು ಕಡಲೆಯಲ್ಲಿ ಚೆನ್ನಾಗಿದೆ. ಕಡಲೆಯಲ್ಲಿ ಮೆಥಿಯೋನೀನ್ ಕಡಿಮೆ; ಅದು ಎಳ್ಳಿನಲ್ಲಿದೆ. ಒಂದು ಎತ್ತು ನೊಗಕ್ಕೆ ಕಟ್ಟಿದರೆ ಬಂಡಿ ಸಾಗದು, ಜೋಡಿ ಕೂಡಬೇಕು. ಕಾಳುಗಳ ಮಾತೂ ಹಾಗೆಯೇ.

ಇದನ್ನು ನಮ್ಮ ನಾಡಿನಲ್ಲಿಯೇ ವಿಜ್ಞಾನಿಗಳು ಮಾಡಿ ತೋರಿಸಿದ್ದಾರೆ. ೧೯೫೦ರಲ್ಲಿ ಮೈಸೂರಿನಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಪ್ರಾರಂಭವಾಯಿತು. ಡಾ. ವಿ. ಸುಬ್ರಹ್ಮಣ್ಯನ್ ಅದರ ಮೊದಲನೆಯ ನಿರ್ದೇಶಕರು. ಬಡ ಮಕ್ಕಳ ಪೌಷ್ಟಿಕತೆಗಾಗಿ ಆ ಸಂಸ್ಥೆಯವರು ಎಣ್ಣೆ ತೆಗೆದ ಶೇಂಗಾದ ಹಿಟ್ಟು ಮೂರು ಪಾಲು, ಕಡಲೆಯ ಹಿಟ್ಟು ಒಂದು ಪಾಲು ಕೂಡಿಸಿ, ಜೀವಸತ್ವ ಮತ್ತು ಸುಣ್ಣದ ಅಂಶಗಳನ್ನು ಸೇರಿಸಿ, 'ಬಹೂಪಯೋಗಿ ಆಹಾರ'ವೆಂಬ ಪುಡಿಯನ್ನು ಸಿದ್ಧಗೊಳಿಸಿದರು. ನಮ್ಮ ಅಜ್ಜಿಯಂದಿರು ಶೇಂಗಾ-ಪುಟಾಣಿ ಕೂಡಿಸಿ ಕೊಡುತ್ತಿದ್ದುದರ ಹಿಂದೆ ಇರುವ ತಿಳಿವಳಿಕೆಯೂ ಇದೇ.

ಎಂಥ ಕಾಳು ಮನೆಗೆ?

ಇನ್ನು ಮುಖ್ಯ ಮಾತಿಗೆ ಬರುವೆನು. ಹೋದ ವರ್ಷ ಪಂಚಮಿಯ ಮುಂದೆ ತಂಬೂರಿನ ಒಂದು ಮನೆಗೆ ಹೋಗಿದ್ದೆನು. ಅಜ್ಜಿಯೊಬ್ಬರು ಕಟ್ಟೆಯ ಮೇಲೆ ಮರದಲ್ಲಿ ಶೇಂಗಾ ಹಾಕಿಕೊಂಡು ಕುಳಿತಿದ್ದರು. ಕಾಳು ನೋಡಿದರೆ ಸುಕ್ಕಿದವು, ಒಡೆದವು, ಕೆಲವಕ್ಕೆ ಹಸಿರು ಬೂಷ್ಟು. 'ಇವನ್ಯಾಕ ಇಟ್ಟೀರಿ ಅಮ್ಮಾ?' ಎಂದು ಕೇಳಿದೆನು. 'ಚಲೋ ಕಾಳೆಲ್ಲಾ ಪ್ಯಾಟಿಗೆ ಹೋದ್ವು ತಮ್ಮಾ. ಮನಿಗೆ ಇವ ಸಾಕು' ಎಂದರು.

ಇದು ಆ ಒಂದು ಮನೆಯ ಮಾತಲ್ಲ. ಪೇಟೆಯಲ್ಲಿ ಒಳ್ಳೆಯ ಕಾಳಿಗೆ ಒಳ್ಳೆಯ ದರ. ಆದ್ದರಿಂದ ಆರಿಸಿ ಉಳಿದದ್ದು ಮನೆಗೆ ಎಂಬುದು ಬಹಳ ಮನೆಗಳ ರೂಢಿ. ನಾನೂ ಅದಕ್ಕೆ ಹೊರತಲ್ಲ. ಡಿಪ್ಲೊಮಾ ಮುಗಿಸಿ ಬಂದ ಹೊಸದರಲ್ಲಿ ತಾಯಂದಿರಿಗೆ ಪಟ್ಟಿ ಮಾಡಿ ತೋರಿಸಲು ಚೀಲದ ತಳದ ಶೇಂಗಾವನ್ನು ನೋಡದೆ ಹುರಿದು ಹಾಕಿದೆನು. ಇಡೀ ತಾಟು ಕಹಿಯಾಯಿತು. ಕಹಿಯಾದದ್ದು ಒಳ್ಳೆಯದೇ ಆಯಿತು, ಯಾರೂ ತಿನ್ನಲಿಲ್ಲ. ಆದರೆ ಎಲ್ಲ ಕೆಟ್ಟ ಕಾಳೂ ಹೀಗೆ ಕಹಿಯಾಗಿ ಎಚ್ಚರಿಕೆ ಕೊಡುವದಿಲ್ಲ.

ಸರಿಯಾಗಿ ಒಣಗದ ಶೇಂಗಾ, ಗೋವಿನಜೋಳಗಳ ಮೇಲೆ ಬೆಳೆಯುವ ಒಂದು ಜಾತಿಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಹುಟ್ಟಿಸುವದು. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತವು. ಅವುಗಳಿಗೆ ತಿನಿಸಿದ ಶೇಂಗಾ ಹಿಂಡಿಯಲ್ಲಿ ಈ ವಿಷವಿತ್ತೆಂದು ಅನಂತರ ಗೊತ್ತಾಯಿತು. ನಮ್ಮ ದೇಶದಲ್ಲಿಯೇ ೧೯೭೪ರಲ್ಲಿ ರಾಜಸ್ಥಾನ ಮತ್ತು ಗುಜರಾತದ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಗೋವಿನಜೋಳ ತಿಂದು ನೂರಕ್ಕೂ ಹೆಚ್ಚು ಜನ ಯಕೃತ್ತಿನ ಬೇನೆಯಿಂದ ತೀರಿಕೊಂಡರು. ಸ್ವಲ್ಪ ಸ್ವಲ್ಪವಾಗಿ ಬಹಳ ವರ್ಷ ಹೊಟ್ಟೆಗೆ ಹೋದರೆ ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುವದು. ಹುರಿದರೆ ವಿಷ ಪೂರ್ತಿ ಹೋಗುವದಿಲ್ಲ, ತೊಳೆದರೂ ಹೋಗುವದಿಲ್ಲ. ಮಕ್ಕಳ ಬಲಕ್ಕೆಂದು ಮಾಡಿದ ಪಟ್ಟಿಯೇ ಮಕ್ಕಳಿಗೆ ಕೇಡಾಗಬಾರದು.

ಆದ್ದರಿಂದ ಈ ಮಾತುಗಳನ್ನು ಪಾಲಿಸಿರಿ:

೧. ಶೇಂಗಾ ಕಿತ್ತ ಮೇಲೆ ಹಸಿಯಾಗಿ ಗುಂಪು ಹಾಕಬೇಡಿರಿ. ಕಾಯಿ ಬಿಡಿಸಿ ತೆಳ್ಳಗೆ ಹರವಿ, ಅಲುಗಾಡಿಸಿದರೆ ಒಳಗೆ ಕಾಳು ಗಲಗಲ ಎನ್ನುವವರೆಗೆ ಬಿಸಿಲಿಗೆ ಒಣಗಿಸಿರಿ. ಮಳೆ ಬಂದರೆ ತಕ್ಷಣ ಮುಚ್ಚಿರಿ, ನಿಂತೊಡನೆ ಮತ್ತೆ ಹರವಿರಿ.

೨. ಗುದ್ದಲಿ ತಾಗಿ ಒಡೆದ ಕಾಯಿ, ಹುಳ ಬಿದ್ದ ಕಾಯಿಗಳನ್ನು ಬೇರೆ ಮಾಡಿರಿ. ಬೂಷ್ಟು ಒಳಗೆ ಹೋಗುವದು ಇಂಥ ತೂತುಗಳಿಂದಲೇ.

೩. ಚೀಲಗಳನ್ನು ನೆಲದ ಮೇಲೆ ಇಡದೆ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿರಿ. ಕಾಯಿಯಾಗಿಯೇ ಇಟ್ಟು, ಬೇಕಾದಾಗ ಬೇಕಾದಷ್ಟೇ ಒಡೆದುಕೊಳ್ಳಿರಿ.

೪. ಸುಕ್ಕಿದ, ಬಣ್ಣಗೆಟ್ಟ, ಬೂಷ್ಟು ಹಿಡಿದ ಕಾಳನ್ನು ಆರಿಸಿ ಚೆಲ್ಲಿರಿ. ಕೋಳಿಗೆ, ಎಮ್ಮೆಗೆ ಹಾಕಬೇಡಿರಿ. ಕೋಳಿ ಸಾಯುವದು, ಎಮ್ಮೆ ತಿಂದರೆ ವಿಷದ ಅಂಶ ಹಾಲಿನಲ್ಲಿ ಬರುವದು.

೫. ಬಿತ್ತನೆಗೆಂದು ಔಷಧ ಹಚ್ಚಿದ ಬೀಜವನ್ನು ಯಾವ ಕಾರಣಕ್ಕೂ ಅಡಿಗೆಗೆ ತರಬೇಡಿರಿ. ತೊಳೆದರೆ ಹೋಗುವದೆಂದು ನಂಬಬೇಡಿರಿ.

ಪಟ್ಟಿ ಮಾಡುವ ರೀತಿ

ಬೇಕಾಗುವ ಸಾಮಾನು: ಶೇಂಗಾ ಕಾಳು ೩೦೦ ಗ್ರಾಂ, ಪುಟಾಣಿ ೨೦೦ ಗ್ರಾಂ, ಎಳ್ಳು ೧೦೦ ಗ್ರಾಂ, ಬೆಲ್ಲ ೪೦೦ ಗ್ರಾಂ, ಎರಡು ಯಾಲಕ್ಕಿ, ತಾಟಿಗೆ ಸವರಲು ಸ್ವಲ್ಪ ತುಪ್ಪ.

ಶೇಂಗಾವನ್ನು ಸಣ್ಣ ಉರಿಯ ಮೇಲೆ ಸಿಪ್ಪೆ ಬಿಡುವವರೆಗೆ ಹುರಿಯಿರಿ. ಅವಸರ ಮಾಡಿ ದೊಡ್ಡ ಉರಿ ಹಚ್ಚಿದರೆ ಹೊರಗೆ ಹೊತ್ತಿ ಒಳಗೆ ಹಸಿ ಉಳಿಯುವದು. ಆರಿದ ಮೇಲೆ ತಿಕ್ಕಿ, ಸಿಪ್ಪೆ ಕೇರಿ, ಒರಳಿನಲ್ಲಿ ಇಲ್ಲವೆ ಮಿಕ್ಸಿಯಲ್ಲಿ ರವೆಯಂತೆ ತರಿತರಿ ಮಾಡಿರಿ. ಪುಟಾಣಿಯನ್ನು ಹಂಚಿನ ಮೇಲೆ ಬೆಚ್ಚಗೆ ಮಾಡಿ ಪುಡಿ ಮಾಡಿರಿ. ಎಳ್ಳನ್ನು ಚಟಪಟ ಸಿಡಿಯುವವರೆಗೆ ಹುರಿದು ಹಾಗೆಯೇ ಇಡಿರಿ. ಮೂರನ್ನೂ ಪರಾತದಲ್ಲಿ ಯಾಲಕ್ಕಿ ಪುಡಿಯೊಂದಿಗೆ ಕೂಡಿಸಿ, ತಾಟಿಗೆ ತುಪ್ಪ ಸವರಿ ಸಿದ್ಧವಾಗಿ ಇಟ್ಟುಕೊಳ್ಳಿರಿ. ಆಣ ಬಂದ ಮೇಲೆ ಹುಡುಕಾಡಲು ಪುರುಸೊತ್ತು ಇರುವದಿಲ್ಲ.

ಬೆಲ್ಲವನ್ನು ಕುಟ್ಟಿ, ಅರ್ಧ ವಾಟಿ ನೀರು ಹಾಕಿ ಕರಗಿಸಿರಿ. ಒಮ್ಮೆ ಸೋಸಿ ಕಸ-ಉಸುಕು ತೆಗೆದು ಮತ್ತೆ ಒಲೆಯ ಮೇಲಿಟ್ಟು ಕೈಯಾಡಿಸುತ್ತ ಇರಿರಿ. ನೊರೆ ದಪ್ಪವಾದೊಡನೆ ಒಂದು ಹನಿಯನ್ನು ತಣ್ಣೀರಿನ ಬಟ್ಟಲಿಗೆ ಬಿಟ್ಟು ನೋಡಿರಿ. ಹರಡಿದರೆ ಇನ್ನೂ ಆಗಿಲ್ಲ. ಬೆರಳಿನಿಂದ ಒಟ್ಟು ಮಾಡಿದರೆ ಗಟ್ಟಿ ಗುಂಡಾಗಿ ನಿಂತರೆ ಪಟ್ಟಿಗೆ ಸರಿಯಾದ ಆಣ. ತಾಟಿಗೆ ಹೊಡೆದರೆ ಟಣ್ ಎಂದರೆ ಚಿಕ್ಕಿಯ ಆಣ. ಅದು ಮುದುಕರ ಹಲ್ಲಿಗೆ ಬಿರುಸು.

ಕೂಡಲೆ ಕೆಳಗಿಳಿಸಿ, ಕಾಳಿನ ಪುಡಿ ಹಾಕಿ ಬೇಗ ಬೇಗ ಕಲಸಿರಿ. ತಾಟಿಗೆ ಸುರುವಿ, ತುಪ್ಪ ಸವರಿದ ವಾಟಿಯ ತಳದಿಂದ ಒತ್ತಿ ಸಮ ಮಾಡಿರಿ. ಬಿಸಿ ಇರುವಾಗಲೇ ಚಾಕುವಿನಿಂದ ೩೦ ತುಂಡಾಗುವಂತೆ ಗೆರೆ ಕೊಯ್ಯಿರಿ. ಪೂರ್ತಿ ಆರಿದ ಮೇಲೆ ಬಿಡಿಸಿ, ಒಣ ಡಬ್ಬಿಯಲ್ಲಿ ಗಟ್ಟಿಯಾಗಿ ಮುಚ್ಚಿಡಿರಿ. ಬಿಸಿಯಾಗಿ ತುಂಬಿದರೆ ಬೆವರಿ ಕೆಡುವದು. ಬೇಸಿಗೆಯಲ್ಲಿ ಎರಡು ವಾರ ಚೆನ್ನಾಗಿ ಇರುವದು. ಮಳೆಗಾಲದಲ್ಲಿ ಎಂಟು ದಿನಕ್ಕೆ ಸಾಕಾಗುವಷ್ಟೇ ಮಾಡಿರಿ. ಕಮಟು ವಾಸನೆ ಬಂದದ್ದನ್ನು ತಿನ್ನಬೇಡಿರಿ.

ಒಂದು ತುಂಡು ಸುಮಾರು ೩೩ ಗ್ರಾಂ ತೂಗುವದು. ಅದರಲ್ಲಿ ನಾಲ್ಕೂವರೆ ಗ್ರಾಂ ಸಸಾರಜನಕ ಇರುವದು. ಒಂದು ಮೊಟ್ಟೆಯಲ್ಲಿ ಸುಮಾರು ೬ ಗ್ರಾಂ ಇದ್ದು, ಅದರ ಗುಣ ಇನ್ನೂ ಮೇಲು. ಆದ್ದರಿಂದ ಮೊಟ್ಟೆ ತಿನ್ನುವವರು, ಹಾಲು ಕುಡಿಯುವವರು ಅವನ್ನು ಬಿಡಬಾರದು. ಇದು ಅದರ ಜೊತೆಗೆ.

ಸೋಯಾ, ಹೆಸರು ಇದ್ದವರಿಗೆ

ಕಲಘಟಗಿ ಕಡೆಯ ನಮಗೆ ಸೋಯಾ ಕೈಯಳತೆಯಲ್ಲಿದೆ. ೧೦೦ ಗ್ರಾಂ ಸೋಯಾದಲ್ಲಿ ೩೫ ಗ್ರಾಂಗೂ ಹೆಚ್ಚು ಸಸಾರಜನಕವಿದೆ. ಆದರೆ ಹಸಿ ಸೋಯಾದಲ್ಲಿ ಸಸಾರಜನಕವನ್ನು ಅರಗಗೊಡದ ಒಂದು ಅಂಶವಿರುವದರಿಂದ ಅದನ್ನು ಹಾಗೆಯೇ ಬೀಸಿ ಹಾಕಬಾರದು. ರಾತ್ರಿ ನೆನೆಯಿಟ್ಟು, ಮುಂಜಾನೆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ತಾಸು ಕುದಿಸಿ, ತಿಕ್ಕಿ ಸಿಪ್ಪೆ ತೆಗೆದು, ಬಿಸಿಲಿಗೆ ಗರಿಗರಿ ಒಣಗಿಸಿ, ಹುರಿದು ಪುಡಿ ಮಾಡಿರಿ. ೧೦೦ ಗ್ರಾಂ ಪುಟಾಣಿಯ ಬದಲು ಈ ಪುಡಿ ಹಾಕಿದರೆ ತುಂಡಿಗೆ ೫ ಗ್ರಾಂ ಸಸಾರಜನಕವಾಗುವದು. ನವಲಗುಂದ, ಅಣ್ಣಿಗೇರಿ ಕಡೆಯವರು ಹೆಸರನ್ನು ಘಮ್ಮೆನ್ನುವಂತೆ ಹುರಿದು ಬೀಸಿ, ಪುಟಾಣಿಯ ಬದಲು ಬಳಸಬಹುದು.

ಕೆಲವು ಎಚ್ಚರಿಕೆಗಳು

ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ ಇಲ್ಲವೆ ಗಟ್ಟಿ ತುಂಡು ಕೊಡಬೇಡಿರಿ, ಗಂಟಲಲ್ಲಿ ಸಿಕ್ಕೀತು. ಪುಡಿ ಮಾಡಿ ಹಾಲಿನಲ್ಲಿ ಕಲಸಿ ಕೊಡಿರಿ. ಶೇಂಗಾ ತಿಂದು ಮೈ ಗಂದೆ ಎದ್ದರೆ, ತುಟಿ ಬಾತರೆ, ಉಸಿರು ಕಟ್ಟಿದಂತಾದರೆ ತಡಮಾಡದೆ ದವಾಖಾನೆಗೆ ಒಯ್ಯಿರಿ. ಮುಂದೆ ಅವರಿಗೆ ಶೇಂಗಾ ಬೇಡ. ಸಕ್ಕರೆ ಬೇನೆ ಇದ್ದವರಿಗೆ ಬೆಲ್ಲವೂ ಸಕ್ಕರೆಯೇ. ಅವರು ಬೆಲ್ಲವಿಲ್ಲದ ಶೇಂಗಾ-ಪುಟಾಣಿ ಚಟ್ನಿಪುಡಿ ತಿನ್ನುವದು ಮೇಲು. ತಿಂದ ಮೇಲೆ ಮಕ್ಕಳು ಬಾಯಿ ಮುಕ್ಕಳಿಸಲಿ.

ಕೊನೆಗೆ ಒಂದು ಲೆಕ್ಕ

ಐದು ಜನರ ಮನೆಯಲ್ಲಿ ದಿನಕ್ಕೆ ಒಬ್ಬರಿಗೆ ಒಂದು ತುಂಡಿನಂತೆ ತಿಂಗಳಿಗೆ ೧೫೦ ತುಂಡು, ಅಂದರೆ ಐದು ತಾಟು. ವರ್ಷಕ್ಕೆ ೬೦ ತಾಟು. ಇದಕ್ಕೆ ಶೇಂಗಾ ಕಾಳು ೧೮ ಕಿಲೋ, ಪುಟಾಣಿ ೧೨ ಕಿಲೋ, ಎಳ್ಳು ೬ ಕಿಲೋ, ಬೆಲ್ಲ ೨೪ ಕಿಲೋ ಬೇಕು. ಶೇಂಗಾವನ್ನು ಕಾಯಿಯ ಲೆಕ್ಕಕ್ಕೆ ತಂದರೆ ಸುಮಾರು ೨೬ ಕಿಲೋ. ಇಡೀ ಸುಗ್ಗಿಯಲ್ಲಿ ಇಷ್ಟನ್ನು ಮನೆಗೆ ಇಟ್ಟುಕೊಂಡರೆ ಪೇಟೆಗೆ ಹೋಗುವ ಮಾಲು ಬಹಳ ಕಡಿಮೆಯಾಗುವದಿಲ್ಲ.

ನಾನು ತಮಗಿಂತ ವಯಸ್ಸಿನಲ್ಲಿ ಚಿಕ್ಕವನು. ಆದರೂ ಒಂದು ಮಾತು ಕೇಳಿಕೊಳ್ಳುವೆನು. ರಾಶಿಯಿಂದ ಮೊದಲ ಹಿಡಿಯನ್ನು ದೇವರಿಗೆ ತೆಗೆದಿಡುವ ಪದ್ಧತಿ ನಮ್ಮಲ್ಲಿದೆ. ಈ ಸಲ ಮುಂಗಾರಿ ಶೇಂಗಾ ಒಣಗಿದೊಡನೆ, ದಲಾಲರ ಚೀಲ ಹೊಲೆಯುವ ಮುಂಚೆ, ತುಂಬಿದ ಚಲೋ ಕಾಯಿಯ ಮೊದಲ ಬುಟ್ಟಿಯನ್ನು ಮನೆಯ ಮಕ್ಕಳ ಹೆಸರಿನಲ್ಲಿ ಬೇರೆ ಇಡಿರಿ. ಆರಿಸಿ ಉಳಿದದ್ದು ಮನೆಗೆ ಎಂಬ ರೂಢಿ ಬಿಡೋಣ. ಪಟ್ಟಿ ಮಾಡುವದನ್ನು ಕಣ್ಣಾರೆ ನೋಡಬೇಕೆಂಬ ತಾಯಂದಿರು ಹೇಳಿ ಕಳಿಸಿದರೆ, ನಾಲ್ಕು ಮನೆಯವರು ಒಂದು ಕಡೆ ಕೂಡಿದಾಗ ನಾನು ಬಂದು ಮಾಡಿ ತೋರಿಸುವೆನು. ಶೇಂಗಾ ಮಾತ್ರ ತಮ್ಮ ಮನೆಯದೇ ಇರಲಿ, ಆರಿಸಿದ್ದಿರಲಿ.

ತಮ್ಮ ಗ್ರಾಮಸೇವಕ, ತಂಬೂರ