ಮೈನಸ್ 22ರಲ್ಲಿ ಗೇರ್ ಯಾಕೆ ಜಗ್ಗುತ್ತೆ?

ಇವತ್ತಿನ ಮಾತು ನಮ್ಮ ಮನೆಯ ಗಾಡಿಯಿಂದಲೇ ಶುರು. ನಾವಿರೋದು ಅಮೆರಿಕದ ಮಿನೆಸೋಟಾದಲ್ಲಿ. ಹೋದ ಚಳಿಗಾಲಕ್ಕೆ ಮುಂಚೆ ಹೊಸ ಆಟೋಮ್ಯಾಟಿಕ್ ಕಾರು ತಗೊಂಡ್ವಿ. ಜನವರಿಯ ಒಂದು ಬೆಳಗ್ಗೆ, ಹೊರಗೆ ಮೈನಸ್ 22 ಡಿಗ್ರಿ ಸೆಲ್ಸಿಯಸ್. ರಾತ್ರಿಯಿಡೀ ಹೊರಗೇ ನಿಂತಿದ್ದ ಗಾಡಿಯನ್ನು ಸ್ಟಾರ್ಟ್ ಮಾಡಿ ಹೊರಟರೆ, ಒಂದನೇ ಗೇರಿನಿಂದ ಎರಡಕ್ಕೆ ಹೋಗುವಾಗ ಹಿಂದಿನಿಂದ ಯಾರೋ ಗುದ್ದಿದ ಹಾಗೆ ಜಗ್ಗಿತು. ಎರಡರಿಂದ ಮೂರಕ್ಕೂ ಅದೇ ಕಥೆ. ಇಪ್ಪತ್ತು ನಿಮಿಷ ಓಡಿದ ಮೇಲೆ ಏನೂ ಆಗೇ ಇಲ್ಲವೇನೋ ಅನ್ನುವಷ್ಟು ನಯ!

ಸರ್ವೀಸ್ ಸೆಂಟರಿಗೆ ಒಯ್ದೆವು. ಓಡಿಸಿ ನೋಡಿ, "ಏನೂ ತೊಂದರೆ ಕಾಣಲಿಲ್ಲ" ಅಂದರು. ಕಾಣೋದಾದರೂ ಹೇಗೆ? ಅಲ್ಲಿಗೆ ಮುಟ್ಟುವಷ್ಟರಲ್ಲಿ ಗಾಡಿ ಬಿಸಿಯಾಗಿತ್ತು.

ಹಾಗಾದರೆ ಒಳಗೆ ನಡೆಯೋದೇನು? ಮ್ಯಾನ್ಯುವಲ್ ಗಾಡಿಯಲ್ಲಿ ಕ್ಲಚ್ ಒತ್ತೋದು ನಮ್ಮ ಎಡಗಾಲು. ಆಟೋಮ್ಯಾಟಿಕ್‌ನಲ್ಲಿ ಆ ಕೆಲಸ ಎಣ್ಣೆಯದ್ದು. 1940ರ ಮಾಡೆಲ್ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಬಂದ ಹೈಡ್ರಾ-ಮ್ಯಾಟಿಕ್ ಕಾಲದಿಂದಲೂ ಮೂಲ ಉಪಾಯ ಇದೇ: ಪಂಪು ಎಣ್ಣೆಗೆ ಒತ್ತಡ ಕೊಡುತ್ತದೆ, ಆ ಒತ್ತಡ ಗೇರುಗಳನ್ನು ಹಿಡಿಯುತ್ತದೆ, ಬಿಡುತ್ತದೆ. ಇಂದಿನ ಗಾಡಿಗಳಲ್ಲಿ ಎಣ್ಣೆ ಯಾವಾಗ, ಎಷ್ಟು ಹರಿಯಬೇಕು ಅಂತ ಕಂಪ್ಯೂಟರ್ ಹೇಳುತ್ತದೆ. ಒಂದು ಕ್ಲಚ್ ಬಿಡೋದು, ಇನ್ನೊಂದು ಹಿಡಿಯೋದು, ಎರಡೂ ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಹೊಂದಿಕೊಂಡು ನಡೆಯಬೇಕು.

ಈಗ ಜೋನಿ ಬೆಲ್ಲ ನೆನಪಿಸಿಕೊಳ್ಳಿ. ಚಳಿಯ ಬೆಳಗ್ಗೆ ಚಮಚ ಬಿಟ್ಟು ಇಳಿಯೋದೇ ಇಲ್ಲ. ಬಿಸಿ ದೋಸೆ ಮೇಲೆ ಬಿದ್ದರೆ ನೀರಾಗಿ ಓಡುತ್ತದೆ. ಗೇರ್ ಎಣ್ಣೆಯೂ ಹಾಗೇ. 100 ಡಿಗ್ರಿಯಲ್ಲಿ ಇರುವುದಕ್ಕಿಂತ ಮೈನಸ್ 40ರಲ್ಲಿ ಅದರ ಸ್ನಿಗ್ಧತೆ ಸಾವಿರ ಪಟ್ಟಿಗೂ ಮೀರಿ ಇರಬಲ್ಲದು. ಸಣ್ಣ ಸಣ್ಣ ದಾರಿಗಳಲ್ಲಿ ಎಣ್ಣೆ ತಡವಾಗಿ ತಲುಪುತ್ತದೆ, ಕ್ಲಚ್ ಒಮ್ಮೆಲೇ ಗಪ್ಪನೆ ಹಿಡಿಯುತ್ತದೆ. ಅದೇ ಆ ಗುದ್ದು.

ಗಾಡಿ ಹೊಸದಾಗಿದ್ದರೆ ಇನ್ನೊಂದು ಕಾರಣವೂ ಸೇರುತ್ತದೆ. ಕಂಪ್ಯೂಟರ್ ಪ್ರತಿ ಸಲ ಗೇರ್ ಬದಲಾದಾಗಲೂ ಅಳೆದು, ಮುಂದಿನ ಸಲ ಒತ್ತಡ ತಿದ್ದಿಕೊಳ್ಳುತ್ತದೆ. ಹೊಸ ಗಾಡಿಗೆ ಆ ಪಾಠ ಇನ್ನೂ ಮುಗಿದಿರೋದಿಲ್ಲ. ಅನೇಕ ಗಾಡಿಗಳು ಎಣ್ಣೆ ಬಿಸಿಯಿದ್ದಾಗ ಮಾತ್ರ ಕಲಿಯುತ್ತವೆ. ಇನ್ನು, ಚಳಿಯಲ್ಲಿ ಎಂಜಿನ್ ಕೂಗುತ್ತಾ ಕೆಳಗಿನ ಗೇರಿನಲ್ಲೇ ಹೆಚ್ಚು ಹೊತ್ತು ಇರೋದು ಬೇಕಂತಲೇ ಮಾಡಿದ ಏರ್ಪಾಡು. ಎಂಜಿನ್ ಮತ್ತು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬೇಗ ಬಿಸಿಯಾಗಲಿ ಅಂತ.

ಹಾಗಾದರೆ ನಿಲ್ಲಿಸಿಯೇ ಅರ್ಧ ಗಂಟೆ ಬಿಸಿ ಮಾಡೋಣವೇ? ಬೇಡ. ನಿಂತ ಗಾಡಿಯಲ್ಲಿ ಗೇರ್ ಎಣ್ಣೆ ತುಂಬಾ ನಿಧಾನವಾಗಿ ಬಿಸಿಯಾಗುತ್ತದೆ. ಗಾಜಿನ ಮೇಲಿನ ಹಿಮ ಕೆರೆದು, ಒಂದು ನಿಮಿಷ ಬಿಟ್ಟು, ಮೊದಲ ಕೆಲವು ಮೈಲಿ ಮೆಲ್ಲಗೆ ಓಡಿಸಿ. ಮುಚ್ಚಿದ ಗ್ಯಾರೇಜಿನಲ್ಲಂತೂ ಎಂಜಿನ್ ಓಡಿಸಲೇಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಅದು ಜೀವ ತೆಗೆಯುತ್ತದೆ.

ಎಲ್ಲವನ್ನೂ ಚಳಿಯ ತಲೆಗೆ ಕಟ್ಟೋದೂ ತಪ್ಪು. ಬಿಸಿಯಾದ ಮೇಲೂ ಜಗ್ಗುತ್ತಿದ್ದರೆ, ಡ್ರೈವ್‌ಗೆ ಹಾಕಿದ ಮೇಲೆ ಗಾಡಿ ಕದಲಲು ಕೆಲವು ಸೆಕೆಂಡು ಹಿಡಿದರೆ, ಎಂಜಿನ್ ವೇಗ ಏರಿದರೂ ಗಾಡಿ ಏರದಿದ್ದರೆ, ಎಚ್ಚರಿಕೆಯ ದೀಪ ಬಂದರೆ, ಕೆಳಗೆ ಎಣ್ಣೆ ಸೋರಿದ್ದರೆ, ತಕ್ಷಣ ತೋರಿಸಿ. ಹೈವೇಗೆ ಸೇರುವ ಹೊತ್ತಿಗೆ ಗೇರ್ ಕೈಕೊಟ್ಟರೆ ಅದು ಬರೀ ಕಿರಿಕಿರಿಯಲ್ಲ.

ನಾವು ಎರಡನೇ ಸಲ ಮಾಡಿದ್ದಿಷ್ಟೇ: ಹೊರಗಿನ ತಾಪಮಾನ, ಎಷ್ಟು ಗಂಟೆ ನಿಂತಿತ್ತು, ಯಾವ ಗೇರಿನಿಂದ ಯಾವುದಕ್ಕೆ, ಎಷ್ಟು ವೇಗದಲ್ಲಿ, ಎಲ್ಲ ಬರೆದಿಟ್ಟೆವು. ಸಂಜೆಯೇ ಗಾಡಿ ಬಿಟ್ಟು, "ರಾತ್ರಿ ಹೊರಗೇ ನಿಲ್ಲಿಸಿ, ಬೆಳಗ್ಗೆ ಮೊದಲ ಸ್ಟಾರ್ಟ್ ನೀವೇ ಮಾಡಿ" ಅಂದೆವು. ಅವತ್ತು ಮೆಕ್ಯಾನಿಕ್‌ಗೂ ಅದೇ ಗುದ್ದು ಸಿಕ್ಕಿತು. ಗೇರ್‌ಬಾಕ್ಸಿನ ಸಾಫ್ಟ್‌ವೇರ್ ಬದಲಾಯಿಸಿದರು, ವಾರಂಟಿಯಲ್ಲೇ. ಈಗಲೂ ಮೈನಸ್ 20ಕ್ಕೆ ಸ್ವಲ್ಪ ಗೊಣಗುತ್ತದೆ, ಗುದ್ದೋದಿಲ್ಲ.

ಸಮಸ್ಯೆ ಕಾಣಲಿಲ್ಲ ಅಂದರೆ ಸಮಸ್ಯೆ ಇಲ್ಲ ಅಂತಲ್ಲ, ಅಲ್ವಾ? ಅದು ಕಾಣುವ ಹೊತ್ತಿನಲ್ಲೇ ತೋರಿಸಬೇಕು. ವಾರಂಟಿ ಮುಗಿಯುವ ಮುಂಚೆ ತೋರಿಸಿ, ಅವರು ಕೊಟ್ಟ ಚೀಟಿ ಜೋಪಾನವಾಗಿಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ, ಬೆಚ್ಚಗಿರಿ!