ಗಣಕಯಂತ್ರದ ಧ್ವನಿಯೂ ಧ್ವನಿವರ್ಧಕದ ಜೋಡಣೆಯೂ

ಶಬ್ದದ ಉತ್ಪತ್ತಿಯನ್ನು ಹೇಳುವಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಕಹಳೆಯ ಹೋಲಿಕೆಯನ್ನು ತಂದಿದ್ದಾನೆ. ಜೀವನ ಇಚ್ಛೆ, ಅನುಕೂಲವಾದ ವಾಯು, ಇವೆರಡೂ ಕೂಡಿದಲ್ಲದೆ ಶಬ್ದವು ಹುಟ್ಟದೆಂಬುದು ಆ ವೈಯಾಕರಣನ ಅಭಿಪ್ರಾಯ. ಗಣಕಯಂತ್ರದಿಂದ ಶಬ್ದ ಹೊರಡುವ ಬಗೆಯನ್ನು ಅರಿಯಲು ಈ ಮಾತೇ ದಾರಿದೀಪವಾಗಬಲ್ಲದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ನಾಡು ವಚನದ ನಾಡು. ತಾಳೆಗರಿಗಳಲ್ಲಿ ಅಡಗಿದ್ದ ವಚನಗಳನ್ನು ವಿಜಯಪುರದ ಫ. ಗು. ಹಳಕಟ್ಟಿಯವರು ಶೋಧಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದರು. ಅಚ್ಚಿನಲ್ಲಿ ಒಂದಕ್ಷರ ತಪ್ಪಿದರೆ ಅರ್ಥ ಕೆಡುವಂತೆ, ಧ್ವನಿಮುದ್ರಿತ ವಚನವನ್ನು ಮಕ್ಕಳಿಗೆ ಕೇಳಿಸುವಾಗ ಧ್ವನಿ ಒಡೆದರೂ ಅರ್ಥ ಕೆಡುತ್ತದೆ. ‘ಸ’ಕಾರದ ಬಲವು ಬಹುಮಟ್ಟಿಗೆ 4000 ಹರ್ಟ್ಸ್‌ಗಿಂತ ಮೇಲಿನ ಕಂಪನಗಳಲ್ಲಿದೆ. ಅವು ಅಳಿದರೆ ಹಿಂದಿನ ಸಾಲಿನ ಬಾಲಕನಿಗೆ ಸಕಾರ ಶಕಾರಗಳ ಭೇದವೇ ತಿಳಿಯದು.

ಗಣಕಯಂತ್ರದಲ್ಲಿ ಧ್ವನಿಯು ಅಂಕಿಗಳ ರೂಪದಲ್ಲಿರುತ್ತದೆ. ಸಿ.ಡಿ.ಯ ಕ್ರಮದಲ್ಲಿ ಸೆಕೆಂಡಿಗೆ 44,100 ಅಂಕಿಗಳಂತೆ ದಾಖಲಾದ ಅದನ್ನು ವಿದ್ಯುತ್ ತರಂಗವಾಗಿ ಮಾರ್ಪಡಿಸುವುದೇ ಸೌಂಡ್ ಕಾರ್ಡಿನ ಕೆಲಸ. ಸಾಮಾನ್ಯವಾಗಿ ಅದರ ಹಸಿರು ರಂಧ್ರ ಧ್ವನಿ ಹೊರಡುವುದಕ್ಕೆ, ನಸುಗೆಂಪಿನದು ಮೈಕಿಗೆ, ನೀಲಿಯದು ಹೊರಗಿನ ಧ್ವನಿ ಒಳಬರುವುದಕ್ಕೆ. ಹಸಿರು ರಂಧ್ರದಿಂದ ಹೊರಡುವ ತರಂಗವು ಒಂದೆರಡು ವೋಲ್ಟುಗಳಷ್ಟೆ. ಅದು ಇಚ್ಛೆಯಿದ್ದೂ ಉಸಿರಿಲ್ಲದ ಗಾಯಕನಂತೆ. ಉಸಿರನ್ನು ಕೊಡುವುದು ಆಂಪ್ಲಿಫೈಯರ್.

ಧ್ವನಿವರ್ಧಕಗಳು ಮುಖ್ಯವಾಗಿ ಮೂರು ಬಗೆ. ಮೊದಲನೆಯವು ಆಂಪ್ಲಿಫೈಯರನ್ನು ತಮ್ಮೊಳಗೇ ಉಳ್ಳವು. ಇವನ್ನು ನೇರವಾಗಿ ಹಸಿರು ರಂಧ್ರಕ್ಕೆ ಜೋಡಿಸಬಹುದು. ಒಂದು ತರಗತಿಗೆ ಇವೇ ಸಾಕು. ಎರಡನೆಯವು 4 ಅಥವಾ 8 ಓಮ್‌ಗಳ ಪೆಟ್ಟಿಗೆಗಳು. ಇವಕ್ಕೆ ಬೇರೆ ಆಂಪ್ಲಿಫೈಯರ್ ಅವಶ್ಯ. 8 ಓಮ್‌ಗಳ ಎರಡನ್ನು ಸಮಾಂತರವಾಗಿ ಜೋಡಿಸಿದರೆ 4 ಓಮ್ ಆಗುತ್ತದೆ. ನಾಲ್ಕನ್ನು ಜೋಡಿಸಿದರೆ 2 ಓಮ್‌ಗೆ ಇಳಿದು ಆಂಪ್ಲಿಫೈಯರಿಗೆ ಅಪಾಯ ಒದಗಬಹುದು. ಮೂರನೆಯವು ಮೈದಾನದ ಹಾರ್ನುಗಳು, ಕೇಶಿರಾಜನ ಕಹಳೆಯ ವಂಶಜರು. ದೂರದ ತಂತಿಯಲ್ಲಿ ಶಕ್ತಿ ನಷ್ಟವಾಗದಂತೆ ಇವನ್ನು ಟ್ರಾನ್ಸ್‌ಫಾರ್ಮರಿನ ಮೂಲಕ 100 ವೋಲ್ಟ್ ಮಾರ್ಗಕ್ಕೆ ಸೇರಿಸುವರು. ಹಾರ್ನುಗಳ ವಾಟ್‌ಗಳ ಮೊತ್ತವು ಆಂಪ್ಲಿಫೈಯರಿನ ವಾಟನ್ನು ಮೀರಬಾರದು: 100 ವಾಟ್‌ನದಕ್ಕೆ 15 ವಾಟ್‌ನ ಐದು ಹಾರ್ನುಗಳು ಕ್ಷೇಮ, ಏಳು ಅಲ್ಲ. 8 ಓಮ್‌ಗಳ ಪೆಟ್ಟಿಗೆಯನ್ನು 100 ವೋಲ್ಟ್ ಮಾರ್ಗಕ್ಕೆ ನೇರವಾಗಿ ಜೋಡಿಸಿದರೆ ಅದು ಸುಟ್ಟುಹೋಗುವ ಸಂಭವವೇ ಹೆಚ್ಚು. ಹಾರ್ನು ಮಾತನ್ನು ದೂರ ಒಯ್ಯುತ್ತದೆ. ಸಂಗೀತದ ಮಾಧುರ್ಯವನ್ನು ಒಯ್ಯದು. ಆದುದರಿಂದ ಪ್ರಕಟಣೆಗೆ ಹಾರ್ನು, ವಚನಗಾಯನಕ್ಕೆ ಪೆಟ್ಟಿಗೆ ಎಂಬುದೇ ಉಚಿತ ವಿಭಾಗ.

ಗಣಕಯಂತ್ರವು ಎಡ ಬಲ ಎಂದು ಎರಡು ಧ್ವನಿಗಳನ್ನು ಕೊಡುತ್ತದೆ. ಹಳೆಯ ಆಂಪ್ಲಿಫೈಯರುಗಳು ಒಂದನ್ನೇ ಕೊಳ್ಳುತ್ತವೆ. ಎರಡು ತಂತಿಗಳನ್ನು ಬರಿದೆ ಹೆಣೆಯದೆ ಮಿಕ್ಸರಿನ ಮೂಲಕ ಕೂಡಿಸಬೇಕು. ಗುಂಯ್ ಎಂಬ ಸದ್ದು ಬಂದರೆ ಅರ್ಥಿಂಗ್ ತಂತಿಯನ್ನು ಕತ್ತರಿಸುವುದು ಪ್ರಾಣಾಪಾಯ. ಧ್ವನಿಮಾರ್ಗದಲ್ಲಿ ಐಸೊಲೇಶನ್ ಟ್ರಾನ್ಸ್‌ಫಾರ್ಮರನ್ನು ಇಡುವುದು ಸರಿಯಾದ ಕ್ರಮ. ಆಂಪ್ಲಿಫೈಯರನ್ನು ಕೊನೆಗೆ ಚಾಲೂ ಮಾಡಿ, ಮೊದಲು ಬಂದ್ ಮಾಡಬೇಕು.

2000ದ ಶಬ್ದಮಾಲಿನ್ಯ ನಿಯಮಗಳು ಹಗಲಿನಲ್ಲಿ ವಸತಿ ಪ್ರದೇಶಕ್ಕೆ 55 ಡೆಸಿಬೆಲ್‌ಗಳ ಮಿತಿಯನ್ನು ಹೇಳಿವೆ. ಅಬ್ಬರವೇ ಸ್ಪಷ್ಟತೆಯಲ್ಲ.

ದಾನಿಗಳು ಪ್ರೀತಿಯಿಂದಿತ್ತ ಯಂತ್ರವು ತಪ್ಪು ಜೋಡಣೆಯಿಂದ ಒಂದೇ ದಿನದಲ್ಲಿ ಮೂಕವಾಗಬಲ್ಲದು. ವಸ್ತುವನ್ನು ಕೊಡುವುದು ದಾಸೋಹವಾದರೆ, ಅದನ್ನು ಅರಿತು ಬಳಸುವುದು ಕಾಯಕ. ಇವೆರಡೂ ಕೂಡಿದಾಗ ಹಿಂದಿನ ಸಾಲಿನ ಮಗುವಿಗೂ ಶರಣರ ನುಡಿ ಅಕ್ಷರ ಕೆಡದೆ ಮುಟ್ಟುವುದು.